ಮನೆಗೆಲಸವೇ ವ್ಯಾಯಾಮವಾದೀತೆ?

ಹೆಂಗಸರಿಗೂ ವ್ಯಾಯಾಮ ಬೇಕೆಂದರೆ, 'ದಿನವಿಡೀ ಮನೆಗೆಲಸವಿದೆಯಲ್ಲ' ಎನ್ನುವ ಸದಸ್ಯರೇ ನಮ್ಮಲ್ಲಿ ಹೆಚ್ಚು. ಬೀದರ್ ಜಿಲ್ಲೆಯ ನಿರ್ಣಾದ ಕಡೆ ತೊಗರಿ ಹೊಲದಲ್ಲಿ ಬಗ್ಗಿ ಕಳೆ ತೆಗೆಯುವಾಕೆಗೆ ಆ ಮಾತು ಸಲ್ಲುತ್ತದೆ. ಮಿಕ್ಸಿ, ವಾಷಿಂಗ್ ಮೆಷಿನ್ ಬಂದ ಮೇಲೆ ಲೆಕ್ಕದ ಪುಸ್ತಕ, ಟಿ.ವಿ. ಮುಂದೆ ಕೂರುವ ತೋಟದ ಮನೆಯಾಕೆಗೆ ಸಲ್ಲದು. ಮೈಗೆಲಸ ಕಡಿಮೆಯಾಯಿತು, ಸಾಲದ ಕಂತು, ಅಡಿಕೆಯ ಎಲೆಚುಕ್ಕಿ ರೋಗದ ಚಿಂತೆ ಉಳಿಯಿತು.

ಚಿಂತೆಯಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಹೆಚ್ಚಾಗಿ ರಕ್ತಕ್ಕೆ ಬಿಡುತ್ತವೆ. ಬೆಳಿಗ್ಗೆ ಏರಿ ರಾತ್ರಿ ಇಳಿಯುವುದು ಅದರ ಕ್ರಮ. ಚಿಂತೆ ಬಿಡದೆ ಕಾಡಿದರೆ ಆ ಕ್ರಮ ತಪ್ಪಬಹುದು. ನಿದ್ರೆಯೂ ಕೆಡಬಹುದು, ರಕ್ತದ ಸಕ್ಕರೆಯೂ ಏರಬಹುದು.

ನಗರಗಳಲ್ಲಿ ಈಗ ಹೆಸರಾಗಿರುವ ಪಿಲಾಟೀಸ್, ಜರ್ಮನಿಯಲ್ಲಿ ಹುಟ್ಟಿದ ಜೋಸೆಫ್ ಪಿಲಾಟೀಸ್ (1883-1967) ರೂಪಿಸಿದ ವ್ಯಾಯಾಮ. ಉಸಿರಿಗೆ ಹೊಂದಿಸಿ ಹೊಟ್ಟೆ, ಸೊಂಟ, ಬೆನ್ನಿನ ಸ್ನಾಯುಗಳನ್ನು ನಿಧಾನವಾಗಿ ದುಡಿಸುವುದು ಇದರ ರೀತಿ. ಒಂದು ಚಾಪೆ ಸಾಕು. ವಾರಗಟ್ಟಲೆ ಬಿಡದೆ ಮಾಡಿದವರಲ್ಲಿ ಆತಂಕ, ದಣಿವು ಇಳಿದದ್ದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಹಾರ್ಮೋನಿನ ಫಲಿತಾಂಶ ಮಾತ್ರ ಒಂದೇ ತೆರನಾಗಿಲ್ಲ. ಯೋಗದ ವಿಷಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 2013ರಲ್ಲಿ ಪ್ರಕಟಿಸಿದ ವರದಿಯಿದೆ. ಖಿನ್ನತೆಯ 54 ರೋಗಿಗಳಲ್ಲಿ, ಬರೀ ಔಷಧಿ ತೆಗೆದುಕೊಂಡವರಿಗಿಂತ ಯೋಗ ಮಾಡಿದವರಲ್ಲಿ ಹೆಚ್ಚು ಮಂದಿಗೆ ಮೂರು ತಿಂಗಳಲ್ಲಿ ಕಾರ್ಟಿಸಾಲ್ ಇಳಿದಿತ್ತು. (ಔಷಧಿ ಬಿಡಿರೆಂದು ಇದರ ಅರ್ಥವಲ್ಲ.)

ಆದ್ದರಿಂದ ಪಿಲಾಟೀಸೇ ಆಗಬೇಕೆಂದು ನಾವು ಹೇಳುವುದಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಚಟುವಟಿಕೆ, ಅದರ ಜೊತೆಗೆ ಎರಡು ದಿನ ಸ್ನಾಯುಬಲದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಬೆನ್ನುನೋವಿರುವವರು, ಬಸುರಿಯರು ವೈದ್ಯರನ್ನು ಕೇಳಿ ತೊಡಗಲಿ. ಆ ಅರ್ಧ ಗಂಟೆ ಕಾಫಿಗೆಂದು ಅವರನ್ನು ಯಾರೂ ಕರೆಯದಿರಲಿ.