ಉಡುತಡಿಯಿಂದ ಕಲ್ಯಾಣಕ್ಕೆ: ಶರಣ ಸಮುದಾಯದ ನೆಲೆಯನ್ನು ಕುರಿತು

ರೂಢ ಸಮಾಜದ ಕಟ್ಟಳೆಗಳನ್ನೊಪ್ಪದವರು ನಗರದೊಳಗೇ ತಮ್ಮದೊಂದು ಬದುಕನ್ನು ಕಟ್ಟಿಕೊಂಡ ನಿದರ್ಶನಗಳು ಹಲವು ದೇಶಗಳಲ್ಲಿ ಕಾಣಬರುತ್ತವೆ. 1971ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಕೆಲವರು ತೆರವಾಗಿದ್ದ ಸೈನ್ಯದ ವಸತಿಗಳನ್ನು ಅಪ್ಪಣೆಯಿಲ್ಲದೆ ಹೊಕ್ಕು ಕ್ರಿಸ್ಟಿಯಾನಿಯಾ ಎಂಬ ನೆಲೆಯನ್ನು ಸ್ಥಾಪಿಸಿದರು. ಕಲ್ಯಾಣದ ಶರಣರು ಹೀಗೆ ಮನೆಗಳನ್ನು ಆಕ್ರಮಿಸಿದವರಲ್ಲ. ಆದರೂ ಇಂಥ ಸಮುದಾಯಗಳ ವಿಷಯದಲ್ಲಿ ಏಳುವ ಎರಡು ಪ್ರಶ್ನೆಗಳು ಅವರಿಗೂ ಸಲ್ಲುತ್ತವೆ: ಸಮುದಾಯವು ಯಾವ ಆಧಾರದಿಂದ ಜೀವಿಸಿತು? ತನ್ನ ಬಾಗಿಲನ್ನು ಯಾರಿಗೆ ತೆರೆಯಿತು?

ಮೊದಲನೆಯದಕ್ಕೆ ಉಡುತಡಿಯ ಸೀಮೆಯಲ್ಲಿಯೇ ಒಂದು ಹೋಲಿಕೆ ದೊರೆಯುತ್ತದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತೆಂದೂ ದೀನರಿಗೆ, ಅನಾಥರಿಗೆ, ಜೈನ ಬೌದ್ಧ ಭಿಕ್ಷುಗಳಿಗೆ ಸಹ ಅನ್ನ ದೊರೆಯುತ್ತಿತ್ತೆಂದೂ 1162ರ ಶಾಸನ ಹೇಳುತ್ತದೆ. ಈ ಔದಾರ್ಯಕ್ಕೆ ದತ್ತಿಯ ಆಸರೆಯಿತ್ತು. ಅದೇ ಬಿಜ್ಜಳನ ಕಾಲದ ಕಲ್ಯಾಣದಲ್ಲಿ ಶರಣರು ಕಾಯಕವನ್ನೂ ದಾಸೋಹವನ್ನೂ ಆಧಾರವಾಗಿ ಹಿಡಿದರು. ಆಯ್ದಕ್ಕಿ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಕಳುಹಿಸಿದ ಕಥೆ ಈ ನಿಯಮದ ಕಟ್ಟುನಿಟ್ಟನ್ನು ತೋರಿಸುತ್ತದೆ.

ಎರಡನೆಯ ಪ್ರಶ್ನೆಗೆ ಅಕ್ಕಮಹಾದೇವಿಯ ಚರಿತೆಯೇ ಉತ್ತರ. ಹರಿಹರನ ರಗಳೆಯಲ್ಲಿ ಆಕೆ ಕೌಶಿಕನನ್ನು ತೊರೆದು ಉಡುತಡಿಯಿಂದ ನೇರವಾಗಿ ಶ್ರೀಶೈಲದ ದಾರಿ ಹಿಡಿಯುತ್ತಾಳೆ. ಶೂನ್ಯಸಂಪಾದನೆಗಳಲ್ಲಿಯಾದರೋ ಕಲ್ಯಾಣಕ್ಕೆ ಬರುತ್ತಾಳೆ. ಅಲ್ಲಿ ಅಲ್ಲಮಪ್ರಭು ಆಕೆಯನ್ನು ತಡೆದು, ಪತಿ ಯಾರೆಂದು ಕೇಳುತ್ತಾನೆ. ಸೀರೆಯನ್ನು ತೊರೆದವಳು ಕೂದಲನ್ನೇಕೆ ಮರೆಮಾಡಿಕೊಂಡೆಯೆಂದು ಪ್ರಶ್ನಿಸುತ್ತಾನೆ. ಸಂಪ್ರದಾಯದ ಪ್ರಕಾರ ಅಲ್ಲಮನೂ ಬಳ್ಳಿಗಾವಿಯವನೇ. ಮನೆಯನ್ನೂ ಅರಮನೆಯನ್ನೂ ಬಿಟ್ಟು ಬಂದ ಹೆಣ್ಣು ಸಮಾನರ ಸಭೆಯಲ್ಲಿಯೂ ತನ್ನ ದೇಹದ ಬಗೆಗೆ ಉತ್ತರ ಕೊಡಬೇಕಾಯಿತು ಎಂಬುದನ್ನು ನಾವು ಮರೆಯಲಾಗದು. ಆಕೆಯ ಉತ್ತರಗಳಿಗೆ ಸಭೆ ತಲೆಬಾಗಿತೆಂಬುದೂ ಅಷ್ಟೇ ಗಮನಾರ್ಹ.

ಹರಳಯ್ಯ ಮಧುವರಸರ ಮಕ್ಕಳ ವಿವಾಹದಿಂದ ಎದ್ದ ಕ್ಷೋಭೆಯಲ್ಲಿ, 1167ರ ಸುಮಾರಿಗೆ, ಶರಣರು ಚದುರಿದರು. ಕ್ರಿಸ್ಟಿಯಾನಿಯಾದವರು 2012ರಲ್ಲಿ ಒಂದು ಪ್ರತಿಷ್ಠಾನದ ಮೂಲಕ ತಮ್ಮ ನೆಲೆಯ ಬಹುಭಾಗವನ್ನು ಸರ್ಕಾರದಿಂದ ಕ್ರಯಕ್ಕೆ ಪಡೆದರು. ಶರಣರಿಗೆ ಉಳಿದದ್ದು ವಚನಗಳು. ಕಲ್ಯಾಣದ ಸಭೆಯನ್ನು ಕಣ್ಣಿಗೆ ಕಟ್ಟುವಂತೆ ಚಿತ್ರಿಸುವ ಶೂನ್ಯಸಂಪಾದನೆಗಳು 15 ಮತ್ತು 16ನೆಯ ಶತಮಾನಗಳವು. ನೆಲೆ ಕಳೆದುಕೊಂಡವರ ವಾರಸುದಾರರು ಅದನ್ನು ಗ್ರಂಥದಲ್ಲಿ ಪುನಃ ಕಟ್ಟಿದರು. ಅನುಭವಮಂಟಪದ ವರ್ಣನೆಗಳನ್ನು ಓದುವ ವಿದ್ಯಾರ್ಥಿಗಳು ಈ ಕಾಲಾಂತರವನ್ನು ಲಕ್ಷ್ಯದಲ್ಲಿರಿಸಿಕೊಳ್ಳುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.