ಪಾಸ್‌ವರ್ಡ್ ಸರಿಯೇ ಇದೆ, ವೈಫೈ ಮಾತ್ರ ಸಿಗುತ್ತಿಲ್ಲ

ಹತ್ತು-ಹದಿನೈದು ವರ್ಷ ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಕೊಡುವ ಬದಲು ಲಿನಕ್ಸ್ ಹಾಕಿಕೊಂಡು ಬಳಸುವವರು ಕಡಿಮೆಯೇನಿಲ್ಲ. ಯಂತ್ರ ಮತ್ತೆ ಚುರುಕಾಗುತ್ತದೆ, ನಿಜ. ಆದರೆ ಮನೆಗೆ ಹೊಸ ರೂಟರ್ ಬಂದಾಗ ತಕರಾರು ಶುರುವಾಗಬಹುದು. ವೈಫೈ ಹೆಸರು ಪರದೆಯ ಮೇಲೆ ಕಾಣುತ್ತದೆ. ಪಾಸ್‌ವರ್ಡ್ ಕೊಟ್ಟರೆ ಸ್ವಲ್ಪ ಹೊತ್ತು ತಿಣುಕಾಡಿ ಮತ್ತೆ ಪಾಸ್‌ವರ್ಡನ್ನೇ ಕೇಳುತ್ತದೆ. ಅದೇ ಪಾಸ್‌ವರ್ಡಿಗೆ ಮನೆಯ ಫೋನುಗಳೆಲ್ಲ ಸಲೀಸಾಗಿ ಸೇರಿಕೊಂಡಿರುತ್ತವೆ.

ಲ್ಯಾಪ್‌ಟಾಪ್ ಇಲ್ಲಿ ಸುಳ್ಳು ಹೇಳುತ್ತಿಲ್ಲ, ಊಹೆ ಮಾಡುತ್ತಿದೆ. ಏಕೆಂದರೆ ಪಾಸ್‌ವರ್ಡ್ ಎಂದೂ ಗಾಳಿಯಲ್ಲಿ ಹಾರಿ ಹೋಗುವುದಿಲ್ಲ. ಈಗ ಹೆಚ್ಚಿನ ಮನೆಗಳಲ್ಲಿರುವ ಡಬ್ಲ್ಯೂಪಿಎ2 ಪದ್ಧತಿಯಲ್ಲಿ ಲ್ಯಾಪ್‌ಟಾಪ್ ಮತ್ತು ರೂಟರ್ ಎರಡೂ ಪಾಸ್‌ವರ್ಡಿಗೆ ವೈಫೈ ಹೆಸರನ್ನು ಬೆರೆಸಿ, 4096 ಸುತ್ತು ಲೆಕ್ಕ ಹಾಕಿ, 256 ಬಿಟ್‌ಗಳ ಕೀಲಿಯನ್ನು ತಂತಮ್ಮಲ್ಲೇ ತಯಾರಿಸಿಕೊಳ್ಳುತ್ತವೆ. ಆಮೇಲೆ ನಾಲ್ಕು ಸಂದೇಶಗಳ ವಿನಿಮಯ. ಮೊದಲನೆಯದರಲ್ಲಿ ರೂಟರ್ ಒಂದು ಯಾದೃಚ್ಛಿಕ ಸಂಖ್ಯೆ ಕಳಿಸುತ್ತದೆ. ಎರಡನೆಯದರಲ್ಲಿ ಲ್ಯಾಪ್‌ಟಾಪ್ ತನ್ನದೊಂದು ಸಂಖ್ಯೆಯನ್ನೂ ಕೀಲಿಯಿಂದ ಹುಟ್ಟಿದ ಮುದ್ರೆಯನ್ನೂ ಕಳಿಸುತ್ತದೆ. ಮುದ್ರೆ ತಾಳೆಯಾಗದಿದ್ದರೆ ರೂಟರ್ 'ತಪ್ಪು' ಎನ್ನುವುದಿಲ್ಲ. ಆ ಸಂದೇಶವನ್ನು ಸುಮ್ಮನೆ ಎಸೆದುಬಿಡುತ್ತದೆ. ಮೂರನೆಯ ಸಂದೇಶಕ್ಕಾಗಿ ಕಾದು ಕುಳಿತ ಲ್ಯಾಪ್‌ಟಾಪಿಗೆ ಕೊನೆಗೆ ಸಿಗುವುದು ಸಂಪರ್ಕ ಕಡಿತ ಮಾತ್ರ. ಪಾಸ್‌ವರ್ಡ್ ತಪ್ಪಿದ್ದರೂ, ಡ್ರೈವರ್ ಕೆಟ್ಟಿದ್ದರೂ, ಸಿಗ್ನಲ್ ಸೋತಿದ್ದರೂ ಅದಕ್ಕೆ ಕಾಣುವ ಲಕ್ಷಣ ಒಂದೇ. ಹಾಗಾಗಿ ಎಲ್ಲಕ್ಕಿಂತ ಸಾಮಾನ್ಯವಾದ ಕಾರಣವನ್ನು ಹಿಡಿದು ನಮ್ಮನ್ನು ಕೇಳುತ್ತದೆ.

ನಿಜವಾದ ಕಾರಣ ಹುಡುಕಲು ಲ್ಯಾಪ್‌ಟಾಪಿನ ಹುಟ್ಟಿದ ವರ್ಷ ನೆರವಾಗುತ್ತದೆ. 1997ರ ಮೊದಲ ವೈರ್‌ಲೆಸ್ ಮಾನಕದಲ್ಲಿ ಇದ್ದದ್ದು ಡಬ್ಲ್ಯೂಇಪಿ ಎಂಬ ಗೂಢಲಿಪಿ. ಫ್ಲೂರರ್, ಮಾಂಟಿನ್ ಮತ್ತು ಶಮೀರ್ ಎಂಬ ಸಂಶೋಧಕರು 2001ರಲ್ಲಿ ಅದರ ಬುಡಕ್ಕೇ ಏಟು ಹಾಕಿದರು. 2007ರ ಹೊತ್ತಿಗೆ ಅದನ್ನು ಒಂದು ನಿಮಿಷದೊಳಗೆ ಭೇದಿಸುವ ದಾರಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಸಿಕ್ಕಿತ್ತು. ಅಷ್ಟರಲ್ಲಿ, ಹಳೆಯ ಚಿಪ್‌ಗಳಲ್ಲೇ ನಡೆಯುವಂತೆ 2003ರಲ್ಲಿ ಡಬ್ಲ್ಯೂಪಿಎ ಎಂಬ ತೇಪೆ ಬಂದಿತ್ತು. ಅದರ ಗೂಢಲಿಪಿ ಟಿಕೆಐಪಿ. 2004ರಲ್ಲಿ ಎಇಎಸ್ ಎಂಬ ಗೂಢಲಿಪಿ ಆಧರಿಸಿದ ಡಬ್ಲ್ಯೂಪಿಎ2, 2018ರಲ್ಲಿ ಡಬ್ಲ್ಯೂಪಿಎ3. ವೈಫೈ ಪ್ರಮಾಣಪತ್ರ ಬೇಕಾದ ಸಾಧನಗಳಿಗೆ ಡಬ್ಲ್ಯೂಪಿಎ2 ಕಡ್ಡಾಯವಾದದ್ದು 2006ರ ಮಾರ್ಚ್‌ನಲ್ಲಿ. ಅದಕ್ಕಿಂತ ಹಳೆಯ ವೈಫೈ ಕಾರ್ಡಿನ ಮೇಲೆ ಕಣ್ಣಿಡಬೇಕು.

ಊಹೆ ಬೇಡ, ಕಾರ್ಡನ್ನೇ ಕೇಳಬಹುದು. ಟರ್ಮಿನಲ್ ತೆರೆದು 'ಐಡಬ್ಲ್ಯೂ ಲಿಸ್ಟ್' ಆದೇಶ ಕೊಟ್ಟರೆ ಬರುವ ಉದ್ದನೆಯ ವರದಿಯಲ್ಲಿ, ಕಾರ್ಡಿಗೆ ಗೊತ್ತಿರುವ ಗೂಢಲಿಪಿಗಳ ಪಟ್ಟಿಯೂ ಇರುತ್ತದೆ. ಅದರಲ್ಲಿ ಸಿಸಿಎಂಪಿ ಇದ್ದರೆ ಡಬ್ಲ್ಯೂಪಿಎ2ಕ್ಕೆ ತೊಂದರೆಯಿಲ್ಲ. ಸಿಮ್ಯಾಕ್ ಎಂಬುದೂ ಇದ್ದರೆ, ಡಬ್ಲ್ಯೂಪಿಎ3 ಕಡ್ಡಾಯ ಮಾಡಿರುವ ನಿರ್ವಹಣಾ ಸಂದೇಶಗಳ ರಕ್ಷಣೆ ಆ ಕಾರ್ಡಿಗೆ ಬರುತ್ತದೆ. ಅದಿಲ್ಲದಿದ್ದರೆ, ಡಬ್ಲ್ಯೂಪಿಎ3 ಮಾತ್ರ ಒಪ್ಪುವ ರೂಟರಿನ ಮುಂದೆ ಎಷ್ಟು ಸಲ ಪಾಸ್‌ವರ್ಡ್ ಒತ್ತಿದರೂ ಪ್ರಯೋಜನವಿಲ್ಲ.

ವೈಫೈ ಹೆಸರುಗಳೇ ಕಾಣದಿದ್ದರೆ ಅದು ಬೇರೆ ರೋಗ. ಲ್ಯಾಪ್‌ಟಾಪಿನ ಬದಿಯ ವೈರ್‌ಲೆಸ್ ಸ್ವಿಚ್ ಆಫ್ ಆಗಿರಬಹುದು. 'ಆರ್‌ಎಫ್‌ಕಿಲ್' ಅದನ್ನು ಹೇಳುತ್ತದೆ. ಅಥವಾ ಫರ್ಮ್‌ವೇರ್ ಇಲ್ಲದಿರಬಹುದು. ಎಷ್ಟೋ ವೈಫೈ ಚಿಪ್‌ಗಳು ಪ್ರತಿ ಸಲ ಯಂತ್ರ ಶುರುವಾದಾಗಲೂ ತಮ್ಮ ತಂತ್ರಾಂಶವನ್ನು ಡಿಸ್ಕಿನಿಂದ ಪಡೆಯಬೇಕು. ಬ್ರಾಡ್‌ಕಾಮ್‌ನ ಹಳೆಯ ಚಿಪ್‌ಗಳ ಫರ್ಮ್‌ವೇರನ್ನು ಲಿನಕ್ಸ್ ಜೊತೆ ಹಂಚಲು ಪರವಾನಗಿ ಇರಲಿಲ್ಲ. ಕಂಪನಿಯ ಡ್ರೈವರಿನಿಂದ ಅದನ್ನು ಕತ್ತರಿಸಿ ತೆಗೆಯಲೆಂದೇ ಪ್ರತ್ಯೇಕ ಸಾಧನ ಹುಟ್ಟಿತು. ಇಂಥ ಕಡೆ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಅದರ ಇಂಟರ್ನೆಟ್‌ನಿಂದಲೇ ಫರ್ಮ್‌ವೇರ್ ಇಳಿಸಿಕೊಳ್ಳುವುದು ಸುಲಭದ ದಾರಿ.

ಸೇರಿಕೊಂಡ ಮೇಲೂ ಸಂಪರ್ಕ ಪದೇ ಪದೇ ತುಂಡಾಗುತ್ತಿದ್ದರೆ ಚಿಪ್ಪಿನೊಳಗಿನ ಗೂಢಲೇಖನದ ಭಾಗವನ್ನು ಅನುಮಾನಿಸಬಹುದು. ಬಿ43, ಎಟಿಎಚ್9ಕೆಯಂಥ ಡ್ರೈವರುಗಳಿಗೆ ಆ ಕೆಲಸವನ್ನು ಪ್ರೊಸೆಸರಿಗೇ ವಹಿಸು ಎಂದು ಹೇಳುವ ಆಯ್ಕೆಯಿದೆ.

ಕಾಲೇಜು, ಕಚೇರಿಗಳ ವೈಫೈಗೆ ಇನ್ನೊಂದು ವಿಚಿತ್ರ ಅಡ್ಡಿಯುಂಟು: ಗಡಿಯಾರ. ಅಲ್ಲಿ ಸರ್ವರಿನ ಡಿಜಿಟಲ್ ಪ್ರಮಾಣಪತ್ರವನ್ನು ಲ್ಯಾಪ್‌ಟಾಪ್ ಪರಿಶೀಲಿಸುತ್ತದೆ. ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಸತ್ತು ತಾರೀಖು ವರ್ಷಗಟ್ಟಲೆ ಹಿಂದೆ ಸರಿದಿದ್ದರೆ, ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲವೆಂದು ಅದು ತಿರಸ್ಕರಿಸುತ್ತದೆ. ಇಂಟರ್ನೆಟ್ ಸಿಕ್ಕರೆ ಗಡಿಯಾರ ತಾನೇ ಸರಿಹೋದೀತು. ಗಡಿಯಾರ ಸರಿಯಾಗದೆ ಇಂಟರ್ನೆಟ್ ಸಿಗದು. ತಾರೀಖನ್ನು ಕೈಯಾರೆ ತಿದ್ದಿ, ಬ್ಯಾಟರಿ ಬದಲಿಸಿದರೆ ಕೆಲಸ ಮುಗಿಯಿತು.

ಮನೆಯಲ್ಲಿ ಮಾಡಬೇಕಾದದ್ದು ಇಷ್ಟೆ. ರೂಟರಿನಲ್ಲಿ ಅತಿಥಿಗಳ ವೈಫೈ ಸೌಲಭ್ಯವಿದ್ದು, ಅದಕ್ಕೆ ಬೇರೆ ಭದ್ರತೆ ಕೊಡಲು ಬರುವುದಾದರೆ ಅದನ್ನು ಡಬ್ಲ್ಯೂಪಿಎ2, ಎಇಎಸ್‌ಗೆ ಹೊಂದಿಸಿ ಹಳೆಯ ಯಂತ್ರಕ್ಕೆ ಬಿಟ್ಟುಕೊಡಿ. ಕಾರ್ಡ್ 2.4 ಗಿಗಾಹರ್ಟ್ಸ್ ಮಾತ್ರ ಕೇಳಬಲ್ಲುದಾದರೆ ಆ ತರಂಗಪಟ್ಟಿಯನ್ನೂ ತೆರೆದಿಡಿ. ಸಿಸಿಎಂಪಿಯೇ ಬಾರದ ಕಾರ್ಡಾದರೆ, ಲಿನಕ್ಸ್ ಕರ್ನೆಲ್‌ನಲ್ಲಿ ಡ್ರೈವರ್ ಇರುವ ಯುಎಸ್‌ಬಿ ವೈಫೈ ಅಡಾಪ್ಟರ್ ತಂದು ಸಿಕ್ಕಿಸಿ. ಆದರೆ ಒಂದು ಹಳೆಯ ಲ್ಯಾಪ್‌ಟಾಪಿಗಾಗಿ ಇಡೀ ಮನೆಯ ವೈಫೈಯನ್ನು ಡಬ್ಲ್ಯೂಇಪಿಗೆ ಇಳಿಸುವುದನ್ನಾಗಲಿ, ಪಾಸ್‌ವರ್ಡನ್ನೇ ತೆಗೆದುಹಾಕುವುದನ್ನಾಗಲಿ ಮಾತ್ರ ಮಾಡಬೇಡಿ.