ಡಿಪ್ಲೊಮಾ ಮುಗಿದ ಮೇಲಿನ ಆಯ್ಕೆ

ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ; ಅದಕ್ಕೂ ಹತ್ತು ವರ್ಷ ಮೊದಲೇ ಇದೇ ನಗರದಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ ಅಡಿಗಲ್ಲು ಬಿದ್ದಿತ್ತು. ಕಸುಬಿನ ಶಿಕ್ಷಣ ಇಷ್ಟು ಆಳವಾಗಿ ಬೇರೂರಿದ ಊರಿನಲ್ಲಿಯೂ ಐಟಿಐ ಅಥವಾ ಪಾಲಿಟೆಕ್ನಿಕ್ ಮುಗಿಸಿದವರು ಪದವಿಯತ್ತ ಹೊರಳುವುದು ತಾನಾಗಿ ನಡೆಯುವ ಸಂಗತಿಯಲ್ಲ.

ನಿಯಮದ ದೃಷ್ಟಿಯಿಂದ ದಾರಿ ತೆರೆದೇ ಇದೆ. ಎಸ್‌ಎಸ್‌ಎಲ್‌ಸಿಯ ನಂತರ ಎರಡು ವರ್ಷ ಐಟಿಐ ಓದಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಪಡೆದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆಯ ಮೂಲಕ ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೂ ಸೇರಬಹುದು. ಇದಕ್ಕೆ ಲ್ಯಾಟರಲ್ ಎಂಟ್ರಿ ಎಂದು ಹೆಸರು.

ಆದರೆ ನಿರ್ಧಾರದ ಗಳಿಗೆಯಲ್ಲಿ ಮೊದಲು ಎದುರಾಗುವುದು ಸಂಬಳ. ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿಗಳ ಕಾರ್ಖಾನೆಗಳು ಹತ್ತಿರದಲ್ಲಿಯೇ ಇರುವಾಗ, ಅಪ್ರೆಂಟಿಸ್ ಆಗಿ ಸೇರಿದರೂ ತಿಂಗಳಿಗಿಷ್ಟು ಭತ್ಯೆ ಕೈಗೆ ಬರುವಾಗ, ಪದವಿಯ ಮೂರು ವರ್ಷ ಶುಲ್ಕದ ಹೊರೆಯಷ್ಟೇ ಆಗಿ ಉಳಿಯದೆ ಆ ಅವಧಿಯ ಗಳಿಕೆಯನ್ನೂ ನುಂಗುತ್ತದೆ. ಅರ್ಥಶಾಸ್ತ್ರಜ್ಞರು ಅವಕಾಶ ವೆಚ್ಚ ಎನ್ನುವುದು ಇದನ್ನೇ. ತಂದೆತಾಯಿಯ ದುಡಿಮೆ ನೆಚ್ಚುವಂತಿಲ್ಲದ ಮನೆಯಲ್ಲಿ ಈ ಲೆಕ್ಕವನ್ನು ಮಹತ್ತ್ವಾಕಾಂಕ್ಷೆಯ ಕೊರತೆ ಎಂದು ಓದುವುದು ಅನ್ಯಾಯ.

ಎರಡನೆಯ ಅಡ್ಡಿ ಗಣಿತ, ಅದರಲ್ಲೂ ಇಂಗ್ಲಿಷಿನಲ್ಲಿ ಕಲಿಯಬೇಕಾದ ಗಣಿತ. ಪಿಯುಸಿ ವಿಜ್ಞಾನ ಓದದೆ ಬಂದವರ ಅಂತರವನ್ನು ತುಂಬಲೆಂದೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಲ್ಯಾಟರಲ್ ಎಂಟ್ರಿಯವರಿಗೆ ಹೆಚ್ಚುವರಿ ಗಣಿತದ ಪಠ್ಯವನ್ನು ಕಡ್ಡಾಯಗೊಳಿಸಿತು. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ವಿವರಿಸಿದ ಸ್ವಸಾಮರ್ಥ್ಯದ ನಂಬಿಕೆ, ಅಂದರೆ ಇಂಥ ಕೆಲಸ ತನ್ನಿಂದ ಆದೀತು ಎಂಬ ಭರವಸೆ, ತನ್ನಂಥವರೇ ಗೆದ್ದುದನ್ನು ಕಂಡಾಗ ಬಲಗೊಳ್ಳುತ್ತದೆ. ಆದ್ದರಿಂದಲೇ ಅದೇ ಪಾಲಿಟೆಕ್ನಿಕ್‌ನಿಂದ ಹೋಗಿ ಬಿಇ ಮುಗಿಸಿದ ಸೀನಿಯರ್ ಒಬ್ಬರ ಮಾತು ಯಾವ ಮಾರ್ಗದರ್ಶನ ಶಿಬಿರಕ್ಕಿಂತಲೂ ಹೆಚ್ಚು ತೂಗುತ್ತದೆ.

ಪದವಿಯತ್ತ ಸೆಳೆಯುವ ಬಲಗಳೂ ಇವೆ. ಲೋಕೋಪಯೋಗಿಯಂಥ ಇಲಾಖೆಗಳಲ್ಲಿ ಡಿಪ್ಲೊಮಾದವರು ಕಿರಿಯ ಎಂಜಿನಿಯರ್ ಹುದ್ದೆಗೆ, ಪದವೀಧರರು ಸಹಾಯಕ ಎಂಜಿನಿಯರ್ ಹುದ್ದೆಗೆ ಅರ್ಹರಾಗುವುದರಿಂದ, ಪದವಿಯ ಬೆಲೆ ಮನೆಯವರಿಗೂ ಕಣ್ಣಿಗೆ ಕಾಣುವಂತಿರುತ್ತದೆ. ಆದರೆ ಹೆಣ್ಣುಮಕ್ಕಳ ವಿಷಯದಲ್ಲಿ ಕಾಲೇಜಿನ ದೂರ, ಹಾಸ್ಟೆಲ್, ಮದುವೆಯ ಮಾತು ಇವೆಲ್ಲ ಅಡ್ಡಿಗಳ ಸಾಲಿಗೆ ಸೇರಿಕೊಳ್ಳುತ್ತವೆ.

ಒಮ್ಮೆ ಕೆಲಸಕ್ಕೆ ಸೇರಿದವರು ಮರಳಿ ಓದುವುದು ಇನ್ನೂ ಕಷ್ಟ. 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಿಂದ ಬಿಎ, ಬಿಕಾಂ ಪಡೆಯಬಹುದಾದರೂ, ಪ್ರಯೋಗಶಾಲೆ ಬೇಡುವ ಎಂಜಿನಿಯರಿಂಗ್ ಪದವಿಗೆ ದೂರಶಿಕ್ಷಣದಲ್ಲಿ ಮಾನ್ಯತೆಯಿಲ್ಲ. ಉದ್ಯೋಗಸ್ಥರಿಗಾಗಿ ಅನುಕೂಲದ ವೇಳೆಯಲ್ಲಿ ಬಿಇ ತರಗತಿ ನಡೆಸಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಇತ್ತೀಚೆಗೆ ಕಾಲೇಜುಗಳಿಗೆ ಅವಕಾಶ ಕೊಟ್ಟಿದೆ. ಆದರೆ ವಾರವಾರವೂ ಪಾಳಿ ಬದಲಾಗುವ ಕಾರ್ಖಾನೆಯಲ್ಲಿ ದುಡಿಯುವವರಿಗೆ ಅದು ಒದಗಬೇಕಾದರೆ ಕಾಲೇಜಿನ ವೇಳಾಪಟ್ಟಿಯ ಜೊತೆಗೆ ಕಾರ್ಖಾನೆಯ ಪಾಳಿಪಟ್ಟಿಯೂ ಬದಲಾಗಬೇಕಾಗುತ್ತದೆ.